ಉಪ್ಪಿನ ಗುಡ್ಡ ಕಂಡ ಹಮ್ಮಣ್ಣ

ಈಗಿನವರ ಅಜ್ಜಂದಿರೂ ಹುಟ್ಟದ ಕಾಲ. ಹೊಳೆ ಕಡಲು ಸೇರುವ ಕಡೆ ಒಂದು ಊರಿತ್ತು. ಊರ ತುಂಬ ಉಪ್ಪಿನ ಆಗರ. ಅಲ್ಲಿಯವರು ಬೆಳ್ಳಗಿದ್ದದ್ದು ಏನು ಕಂಡರೂ ಮೊದಲು ಉಪ್ಪು ಅಂತಲೇ ತಿಳೀತಿದ್ದರಂತೆ. ಆ ಊರಲ್ಲಿ ಹಮ್ಮಣ್ಣ ಅಂತ ಒಬ್ಬ ತಾಂಡೇಲ. ತಾಂಡೇಲ ಅಂದರೆ ಹಾಯಿದೋಣಿಯ ಯಜಮಾನ, ಅವನು ಹೇಳಿದ್ದೇ ದಾರಿ. ಗಾಳಿ ತಿರುಗೋದನ್ನ ಮೂಗಿನಲ್ಲೇ ಹಿಡೀತಿದ್ದನಂತೆ. ಕಂಡವರು ಯಾರೂ ಇಲ್ಲ, ಕೇಳಿದವರೇ ಎಲ್ಲ.

ಒಂದು ಸಲ ಅವನು ತಮ್ಮ ಸುಕ್ರನನ್ನೂ ದೋಣಿ ಹತ್ತಿಸಿಕೊಂಡ. ಸುಕ್ರನಿಗೆ ಮದುವೆಯಾಗಿ ಕೈಯ ಅರಿಶಿಣ ಮಾಸಿರಲಿಲ್ಲ. ತಾಯಿ ದ್ಯಾವಮ್ಮ ಅಡ್ಡ ನಿಂತಳು, ಹಮ್ಮಣ್ಣ ಕೇಳಲಿಲ್ಲ. ಕೊನೆಗೆ ಅವಳು, "ಹೋಗು ಮಗಾ, ಆದರೆ ಅವನನ್ನ ಬಿಟ್ಟು ಒಬ್ಬನೇ ಈ ಅಂಗಳ ತುಳೀಬೇಡ" ಅಂದಳಂತೆ.

ದೂರದ ಬಂದರಿನಲ್ಲಿ ಉಪ್ಪು ಇಳಿಸಿ ಬರಿದೋಣಿಯಲ್ಲಿ ಮರಳುವಾಗ ಗಾಳಿ ಕೆಟ್ಟಿತು. ದೋಣಿಯನ್ನ ತೆಂಕಣಕ್ಕೆ ಎಳೆಯಿತು, ಇನ್ನೂ ತೆಂಕಣಕ್ಕೆ ಎಳೆಯಿತು. ನೆಲ ಮುಗಿಯಿತು, ದ್ವೀಪ ಮುಗಿಯಿತು, ಕಡಲೊಂದೇ ಉಳಿಯಿತು. ಆ ಕಡಲಿಗೆ ಅಡ್ಡ ಬರುವ ದಡವೇ ಇಲ್ಲವಂತೆ. ಗಾಣದ ಎತ್ತಿನ ಹಾಗೆ ಭೂಮಿಯ ಬುಡ ಸುತ್ತುತ್ತಲೇ ಇರುತ್ತದಂತೆ. ಹೊತ್ತು ಮುಳುಗಲು ಬರುತ್ತದೆ, ಮುಳುಗದೆ ಹಾಗೇ ನೀರಿನ ಅಂಚಿಗುಂಟ ಹೊರಟುಹೋಗುತ್ತದೆ. ತಿಮಿಂಗಿಲಗಳು ದೋಣಿಯ ಪಕ್ಕ ಬಂದು ನಿಟ್ಟುಸಿರು ಬಿಡುತ್ತವೆ. ಹಾರಲು ಬಾರದ ಹಕ್ಕಿಗಳು ನೆಟ್ಟಗೆ ನಿಂತು ಇವರನ್ನೇ ನೋಡುತ್ತವೆ.

ಆಗ ಕಂಡಿತು ಒಂದು ಬೆಳ್ಳನೆ ಗುಡ್ಡ, ನೀರ ಮೇಲೆ ತೇಲುತ್ತಾ. ಉಪ್ಪಿನೂರಿನವರಿಗೆ ಇನ್ನೇನು ಹೊಳೆದೀತು? ಉಪ್ಪು! ಸುಕ್ರ ನೆಕ್ಕಿ ನೋಡಿ, ಅಣ್ಣಾ, ರುಚಿಯೇ ಇಲ್ಲ ಅಂದ. ಚಳಿಗೆ ನಿನ್ನ ನಾಲಗೆ ಸತ್ತಿದೆ, ಸುಮ್ಮನಿರು ಅಂತ ಹಮ್ಮಣ್ಣ ಗದರಿದ. ಉಪ್ಪಿನೂರಿಗೇ ಉಪ್ಪು ಹೊರುವ ಆಸೆ ನೋಡಿ! ಬರಿದೋಣಿ ತರೋದು ತಾಂಡೇಲನಿಗೆ ಅವಮಾನ, ಅದಕ್ಕೆ. ಕಡಿದು ಕಡಿದು ದೋಣಿಯ ಹೊಟ್ಟೆಗೆ ತುಂಬಿದರು. ಜಾಗ ಸಾಲದಾಯಿತು. ಕುಡಿಯುವ ನೀರಿನ ಪೀಪಾಯಿಗಳಲ್ಲಿ ಒಂದನ್ನಷ್ಟೇ ಉಳಿಸಿ ಮಿಕ್ಕವನ್ನ ಕಡಲಿಗೆ ನೂಕಿಸಿದ. ದುರಾಸೆಗೆ ಕಣ್ಣಿಲ್ಲ.

ಗಾಳಿ ತಿರುಗಿ ಬಡಗಣ ದಾರಿ ಸಿಕ್ಕಿತು. ಬಿಸಿಲ ಕಡಲು ಬಂತು, ಉಳಿದೊಂದು ಪೀಪಾಯಿಯೂ ಒಣಗಿತು. ನಾಲಗೆಗಳು ಅಂಗುಳಕ್ಕೆ ಅಂಟಿದವು. ಸುಕ್ರ ಮಲಗಿದವನು ಏಳಲಿಲ್ಲ. ಅದೇ ಹೊತ್ತಿಗೆ ದೋಣಿಯ ಹೊಟ್ಟೆಯಲ್ಲಿ ನೀರು! ದೋಣಿ ಒಡೆದಿದೆ ಅಂತ ಹಮ್ಮಣ್ಣ ಕೂಗಿದ. ಇದ್ದಬದ್ದ ಶಕ್ತಿಯಲ್ಲಿ ಎಲ್ಲರೂ ಮರಿಗೆಯಲ್ಲಿ ಎತ್ತಿ ಎತ್ತಿ ಕಡಲಿಗೆ ಚೆಲ್ಲಿದರು. ಎತ್ತಿದಷ್ಟೂ ನೀರು, ಚೆಲ್ಲಿದಷ್ಟೂ ನೀರು. ಆಗ ಯಾರದೋ ಮರಿಗೆ ತುಳುಕಿ ಸುಕ್ರನ ತುಟಿಗೆ ನಾಲ್ಕು ಹನಿ ಬಿತ್ತು. ಅವನು ಕಣ್ಣು ತೆರೆಯದೆ, ಅಣ್ಣಾ, ಸಿಹಿ ನೀರು ಅಂದ. ತುಂಬಿಕೊಂಡದ್ದು ಉಪ್ಪಲ್ಲ, ಮಂಜುಗಡ್ಡೆ; ಬಿಸಿಲಿಗೆ ಕರಗಿತ್ತು. ಹಮ್ಮಣ್ಣ ಬೊಗಸೆ ಹಿಡಿದು ಕುಡಿದ, ಅಲ್ಲೇ ಕುಸಿದು ಮಕ್ಕಳ ಹಾಗೆ ಅತ್ತ. ಉಳಿದಿದ್ದ ನೀರೇ ಎಲ್ಲರನ್ನೂ ಊರು ಮುಟ್ಟಿಸಿತು.

ಸುಕ್ರ ತನ್ನ ಕಾಲ ಮೇಲೆ ನಡೆದು ಅಂಗಳಕ್ಕೆ ಬಂದ. ದ್ಯಾವಮ್ಮ ಅವನ ತಲೆ ಸವರುತ್ತಿದ್ದರೆ ಹಮ್ಮಣ್ಣ ಬೇಲಿಯ ಹೊರಗೇ ನಿಂತಿದ್ದನಂತೆ. ಯಾಕೋ ಒಳಗೆ ಬರಲ್ಲ ಅಂತ ಅವಳು ಕೇಳಿದ್ದಕ್ಕೆ, "ಅವ್ವಾ, ಇವನ ಜೀವವನ್ನ ನನ್ನ ಕೈಯಾರೆ ಎತ್ತಿ ಚೆಲ್ಲುತ್ತಿದ್ದೆ" ಅಂದ. ಅವಳು ಕಾಲಿಗೆ ನೀರು ಕೊಟ್ಟು ಕರೆದುಕೊಂಡಳು.

ಮುದಿಯಾದ ಮೇಲೆ ಹಮ್ಮಣ್ಣ ಹೇಳ್ತಿದ್ದನಂತೆ: ಆ ತೆಂಕಣ ಕಡಲಿನ ತಂಪು ನೀರು ಅಲ್ಲಿ ಆಳಕ್ಕೆ ಇಳಿದು, ತಳದಲ್ಲೇ ನಡೆದು ನಡೆದು ಲೋಕದ ಎಲ್ಲ ಕಡಲಿಗೂ ಹೋಗುತ್ತದೆ, ಆ ಕಡಲು ಕಾದರೆ ನಮ್ಮ ಮೀನೂ ಇಲ್ಲ, ಮಳೆಯೂ ಇಲ್ಲ ಅಂತ. ಕೆಲವರು ನಂಬಿದರು, ಕೆಲವರು ನಕ್ಕರು.

ನಕ್ಕವರ ಮೊಮ್ಮಕ್ಕಳೂ ಇವತ್ತಿಗೂ ಒಂದು ಮಾಡ್ತಾರೆ. ದೋಣಿಯೊಳಗೆ ನೀರು ಕಂಡರೆ, ಎಂಥ ಅಲೆಯಿರಲಿ, ಎಂಥ ಅವಸರವಿರಲಿ, ಹಮ್ಮಣ್ಣನ ಹೆಸರು ಹೇಳಿ ಮೊದಲ ಬೊಗಸೆಯನ್ನ ನಾಲಗೆಗೆ ಹಚ್ಚಿ ನೋಡ್ತಾರೆ. ಆಮೇಲೇ ಚೆಲ್ಲೋದು.