ಚಿಪ್ಪಜ್ಜಿಯ ಬೀಗವಿಲ್ಲದ ವೈಫೈ

ಮಕ್ಕಳೇ, ಕುರುಚಲು ಕಾಡಿನ ನಡುವೆ ಒಂದು ಕೆರೆಯಿತ್ತು. ಕೆರೆಯ ಏರಿಯ ಮೇಲೊಂದು ಹೊಂಗೆಮರ. ಅದರ ಬುಡದಲ್ಲಿ ಚಿಪ್ಪಜ್ಜಿ ಎಂಬ ಮುದಿ ಆಮೆಯ ಮನೆ. ಪಕ್ಕದ ಬಿಲದಲ್ಲಿ ಸೂಜಿಮಲ್ಲ ಎಂಬ ಮುಳ್ಳುಹಂದಿ ಇದ್ದ.

ಚಿಪ್ಪಜ್ಜಿಯ ಮಗಳನ್ನು ಗುಡ್ಡದಾಚೆಯ ಕೆರೆಗೆ ಮದುವೆ ಮಾಡಿ ಕೊಟ್ಟಿದ್ದರು. "ನಾನು ನಡೆದು ಅಲ್ಲಿಗೆ ತಲುಪುವಷ್ಟರಲ್ಲಿ ಮೊಮ್ಮಕ್ಕಳಿಗೇ ಮೊಮ್ಮಕ್ಕಳಾಗಿರುತ್ತಾರೆ!" ಎಂದು ಅಜ್ಜಿ ನಗುತ್ತಿದ್ದಳು. ಕೊನೆಗೆ ಮಗಳ ಮುಖ ನೋಡುತ್ತಾ ಮಾತಾಡಬಹುದೆಂದು ಮನೆಗೆ ವೈಫೈ ಹಾಕಿಸಿಕೊಂಡಳು. ಅದಕ್ಕೆ ಪಾಸ್‌ವರ್ಡ್ ಎಂಬ ಬೀಗ ಇರುತ್ತದೆಂಬುದು ಮಾತ್ರ ಅವಳಿಗೆ ತಿಳಿಯದು.

ಮಲ್ಲನಿಗೆ ತಿಳಿಯಿತು! ಅವನ ಮೊಬೈಲಿಗೆ ವೈಫೈ ತಾನಾಗಿಯೇ ಸಿಕ್ಕಿತು. ಸರಿ, ಬೆಳಗ್ಗೆ ಕುಸ್ತಿ, ಮಧ್ಯಾಹ್ನ ಕುಣಿತ, ಸಂಜೆ ಸಿನಿಮಾ ನೋಡಿದ್ದೇ ನೋಡಿದ್ದು.

'ಅಜ್ಜಿಯನ್ನು ಒಂದು ಮಾತು ಕೇಳಬೇಕಿತ್ತೇನೋ' ಎಂದು ಒಮ್ಮೆ ಅನ್ನಿಸಿತು. 'ಕೇಳೋದೇನು? ಗಾಳಿಯಲ್ಲಿ ಬರೋದು ಯಾರಪ್ಪನ ಮನೆ ಗಂಟು?' ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಒಂದು ದಿನ ಅಜ್ಜಿಯೇ ಅವನ ಬಾಗಿಲಿಗೆ ಬಂದಳು.

"ಮಲ್ಲಾ, ಮೊಬೈಲ್ ವಿಷಯದಲ್ಲಿ ನೀನು ಜಾಣ. ನಮ್ಮನೆ ವೈಫೈಗೆ ಏನಾಗಿದೆ ನೋಡಪ್ಪ. ಮಗಳು ಬಾಯಿ ತೆರೆದರೆ ತೆರೆದ ಹಾಗೇ ನಿಂತುಬಿಡ್ತಾಳೆ!"

ಮಲ್ಲನ ಮುಳ್ಳುಗಳೆಲ್ಲ ನೆಟ್ಟಗೆ ನಿಂತವು. ತನ್ನ ಸಿನಿಮಾದಿಂದಲೇ ಅಜ್ಜಿಯ ವೈಫೈ ನಿಧಾನವಾಗಿದೆ ಎಂದು ಹೊಳೆದು, ಮೆಲ್ಲಗೆ ಅದನ್ನು ನಿಲ್ಲಿಸಿದ. ಅಜ್ಜಿಯ ಮನೆಗೆ ಹೋಗಿ ವೈಫೈ ಡಬ್ಬಿಯನ್ನು ಸುಮ್ಮನೆ ಟಪಟಪ ತಟ್ಟಿದ. ಮಗಳು ಪಟಪಟ ಮಾತಾಡತೊಡಗಿದಳು.

"ಭೇಷ್! ನಿನ್ನಂಥ ನೆರೆಯವನು ಸಿಗೋದಕ್ಕೂ ಪುಣ್ಯ ಬೇಕು" ಎಂದಳು ಅಜ್ಜಿ. ಮಲ್ಲ ಹಿಗ್ಗಿದ. ಮನೆಗೆ ಬಂದವನೇ ಸಿನಿಮಾ ಮುಂದುವರಿಸಿದ. ಅಷ್ಟೇ ಅಲ್ಲ, "ನಮ್ಮ ಮರದ ಹತ್ತಿರ ಪುಕ್ಕಟೆ ವೈಫೈ ಸಿಗುತ್ತೆ! ಗಾಳಿಯಲ್ಲಿ ಬರೋದು ಯಾರಪ್ಪನ ಮನೆ ಗಂಟು?" ಎಂದು ವಟರಾಯ ಎಂಬ ಕಪ್ಪೆಗೂ ಕಾಗಕ್ಕನಿಗೂ ಹೇಳಿಬಿಟ್ಟ. ಅವರು ತಮ್ಮ ಬಳಗಕ್ಕೆಲ್ಲ ಹೇಳಿದರು.

ಒಂದು ಬೆಳಗ್ಗೆ ಅಜ್ಜಿ ಕೂಗಿಕೊಂಡಳು. "ಮಲ್ಲಾ, ಬೇಗ ಬಾರೋ! ಮಗಳ ಮೊಟ್ಟೆಗಳು ಒಡೀತಿವೆ! ಸಣ್ಣ ಬಿರುಕು ಕಂಡಿತು, ಅಷ್ಟಕ್ಕೇ ಚಿತ್ರ ನಿಂತುಹೋಯಿತು!"

ಮಲ್ಲ ತನ್ನ ಮೊಬೈಲ್ ಆರಿಸಿ ಓಡಿದ. ಡಬ್ಬಿ ತಟ್ಟಿದ. ಚಿತ್ರ ಕದಲಲಿಲ್ಲ. ಮತ್ತೆ ತಟ್ಟಿದ. ಊಹೂಂ! ಕೆರೆಯ ಸುತ್ತ ಎಲ್ಲರೂ ಮೊಬೈಲ್ ಹಿಡಿದು ಕೂತಿದ್ದು ಆಗ ನೆನಪಾಯಿತು.

ಅಜ್ಜಿ ಕಣ್ಣೊರೆಸಿಕೊಂಡಳು. "ಹೋಗಲಿ ಬಿಡಪ್ಪ. ಪಾಪ, ನೀನಾದರೂ ಏನು ಮಾಡ್ತೀಯ?"

ಆ 'ಪಾಪ' ಎಂಬ ಮಾತು ಮಲ್ಲನಿಗೆ ಅವನ ಮುಳ್ಳುಗಳಿಗಿಂತ ಜೋರಾಗಿ ಚುಚ್ಚಿತು. ಗಲಗಲ ಸದ್ದು ಮಾಡುತ್ತಾ ಕೆರೆಗೆ ಓಡಿದ.

"ವಟರಾಯಾ, ಮೊಬೈಲ್ ಆರಿಸು!"

"ಆಗಲ್ಲಪ್ಪ, ಹಾಡಿನ ಸ್ಪರ್ಧೆಯ ಫೈನಲ್ ನಡೀತಿದೆ. ಗಾಳಿಯಲ್ಲಿ ಬರೋದು ಯಾರಪ್ಪನ ಮನೆ ಗಂಟು ಅಂತ ನೀನೇ ಹೇಳಿದ್ದಲ್ಲ?"

"ತಪ್ಪು ಹೇಳಿದೆ ಕಣೋ! ಅದು ಚಿಪ್ಪಜ್ಜಿಯದು. ನಾನು ಕೇಳದೇ ತಗೊಂಡೆ, ಕೇಳದೇ ನಿಮಗೂ ಹಂಚಿದೆ. ಅಲ್ಲಿ ಅವರ ಮೊಮ್ಮಕ್ಕಳು ಹುಟ್ಟುತ್ತಿದ್ದಾರೆ, ಅಜ್ಜಿಗೇ ಕಾಣ್ತಿಲ್ಲ!"

"ಅಯ್ಯೋ, ಅಜ್ಜಿಯದಾ? ಮೊದಲೇ ಹೇಳಬಾರದಾ?" ವಟರಾಯ ತಕ್ಷಣ ಮೊಬೈಲ್ ಆರಿಸಿ, ಗಂಟಲು ಉಬ್ಬಿಸಿ ಕೂಗಿದ, "ಆರಿಸಿ! ಎಲ್ಲರೂ ಆರಿಸಿ!" ಕಾಗಕ್ಕ ಮರದಿಂದ ಮರಕ್ಕೆ ಹಾರಿ ಸುದ್ದಿ ಮುಟ್ಟಿಸಿದಳು.

ಅಜ್ಜಿಯ ಮನೆಯಲ್ಲಿ ಚಿತ್ರ ಜೀವ ತಳೆಯಿತು. ಮೊಟ್ಟೆಯೊಂದು ಟಪ್ಪೆಂದು ಒಡೆದು, ಪುಟ್ಟ ಮೂತಿಯೊಂದು ಇಣುಕಿತು.

"ಬಂತು! ಮೂಗು ನೋಡಿ, ಥೇಟ್ ನನ್ನದೇ!" ಎಂದು ಅಜ್ಜಿ ಚಪ್ಪಾಳೆ ತಟ್ಟಿದಳು. ಮಲ್ಲನ ಹಿಂದೆಯೇ ಓಡಿಬಂದು ಬಾಗಿಲಲ್ಲಿ ನೆರೆದವರೆಲ್ಲ ಕುಣಿದರು. ಎರಡನೆಯದು ಬಂತು, ಮೂರನೆಯದು ಉರುಳಿಕೊಂಡೇ ಬಂತು!

ಮಲ್ಲ ತಲೆ ತಗ್ಗಿಸಿ ಮುಂದೆ ಬಂದ. "ಅಜ್ಜಿ, ನಾನು ಯಾವತ್ತೂ ಏನೂ ರಿಪೇರಿ ಮಾಡಲಿಲ್ಲ. ಕೆಡಿಸಿದವನೇ ನಾನು." ವೈಫೈಗೆ ಪಾಸ್‌ವರ್ಡ್ ಎಂಬ ಬೀಗ ಹಾಕಬಹುದೆಂಬುದನ್ನೂ ಸೇರಿಸಿ ನಡೆದದ್ದನ್ನೆಲ್ಲ ಹೇಳಿದ.

ಅಜ್ಜಿ ಅವನತ್ತ ತಿರುಗಿದಳು. "ಬಾಗಿಲು ತೆರೆದಿದೆ ಅಂತ ನನ್ನ ಅಡುಗೆಮನೆಗೆ ನುಗ್ಗಿ ಉಣ್ಣುತ್ತೀಯೇನೋ? ಬಾಗಿಲಲ್ಲಿ ನಿಂತು 'ಅಜ್ಜಿ' ಅಂದಿದ್ದರೆ ನಾನೇ ಬಡಿಸ್ತಿದ್ದೆ."

"ತಪ್ಪಾಯಿತು ಅಜ್ಜಿ."

"ಸರಿ. ಈಗ ಆ ಬೀಗ ಹಾಕೋದು ಹೇಗೆ, ಹೇಳಿಕೊಡು. ನನ್ನ ಮಾತುಕತೆ ಮುಗಿದ ಮೇಲೆ, ಬೇಕಾದವರು ಬಂದು ಕೇಳಿ. ಎಲ್ಲರೂ ಒಟ್ಟಿಗೇ ಕೂತು ನೋಡೋಣ."

ಮಲ್ಲ ಹೇಳಿಕೊಟ್ಟ. ಪಾಸ್‌ವರ್ಡ್ ಒತ್ತುವ ಹೊತ್ತು ಬಂದಾಗ ಯಾರೂ ಹೇಳದೆಯೇ ಕೆರೆಯ ಕಡೆ ಮುಖ ತಿರುಗಿಸಿ ನಿಂತ. ಅಜ್ಜಿ ಆಮೆಯಲ್ಲವೇ? ಒಂದೊಂದೇ ಅಕ್ಷರ ಹುಡುಕಿ ಒತ್ತಿ ಮುಗಿಸುವಷ್ಟರಲ್ಲಿ ಹೊತ್ತು ಮುಳುಗುತ್ತಾ ಬಂತು. ಮಲ್ಲ ಮಾತ್ರ ಒಮ್ಮೆಯೂ ತಿರುಗಿ ನೋಡಲಿಲ್ಲ.

ನೀತಿ: ಬೀಗ ಹಾಕಿಲ್ಲವೆಂದ ಮಾತ್ರಕ್ಕೆ ನೆರೆಯವರ ವಸ್ತು ನಮ್ಮದಾಗುವುದಿಲ್ಲ, ಬೇಕಿದ್ದರೆ ಕೇಳಿ ಪಡೆಯಬೇಕು.