ಮರಕುಟಿಗನ ಒಂದೇ ಪ್ರಶ್ನೆ

ಕಾಡಿನ ಹೊಸ ಔಷಧಾಲಯ ಒಂದು ಆಲದ ಮರದ ಪೊಟರೆಯಲ್ಲಿತ್ತು. ಬಾಗಿಲಿಗೆ ಅಡ್ಡಲಾಗಿ ಬಳ್ಳಿ ಕಟ್ಟಿದ್ದರು. ಆರೋಗ್ಯ ಮಂತ್ರಿ ನವಿಲು ಬಂದು ಅದನ್ನು ಕತ್ತರಿಸುವವರೆಗೆ ಯಾರೂ ಒಳಗೆ ಹೋಗುವಂತಿರಲಿಲ್ಲ. ವೈದ್ಯ ಕೊಕ್ಕರೆ ಹೊರಗೆ ಒಂಟಿಕಾಲಲ್ಲಿ ನಿಂತಿತ್ತು. ಅದರ ಮುಂದೆ ಮೊಲವೊಂದು ಜ್ವರದ ಮರಿಯನ್ನು ಮಡಿಲಲ್ಲಿಟ್ಟುಕೊಂಡು ಕೂತು ಮೂರು ದಿನವಾಗಿತ್ತು.

ಇದನ್ನು ಕಂಡ ಮರಕುಟಿಗ ಸಭೆಗೆ ಹೋಗಿ ಕೇಳಿತು: "ಔಷಧಾಲಯ ತೆರೆದಿದೆಯೇ, ಇಲ್ಲವೇ?"

ನವಿಲು ಗರಿ ಬಿಚ್ಚಿತು. "ಇಂಥ ಪೊಟರೆ ಪಕ್ಕದ ಕಾಡಿನಲ್ಲೂ ಇಲ್ಲ. ಬೇರುಗಳೇ ನೂರು ಬಗೆ, ಇನ್ನು ಎಲೆಗಳು..."

"ತೆರೆದಿದೆಯೇ, ಇಲ್ಲವೇ?"

"ಮಾನ್ಯ ಸದಸ್ಯರಿಗೆ ಕುಟ್ಟುವುದೊಂದೇ ಗೊತ್ತು," ಎಂದಿತು ನವಿಲು. ಸಭೆ ನಕ್ಕಿತು.

ಮರಕುಟಿಗನಿಗೆ ನಾಚಿಕೆಯಾಯಿತು. ಆದರೆ ಮರಿಯ ಏದುಸಿರು ಇನ್ನೂ ಕಿವಿಯಲ್ಲೇ ಇತ್ತು. "ಹೌದು ಸ್ವಾಮಿ, ಅದೊಂದೇ ಗೊತ್ತು. ತೆರೆದಿದೆಯೇ, ಇಲ್ಲವೇ?"

ಸಭಾಧ್ಯಕ್ಷ ಆನೆ ಕಿವಿ ಬೀಸುವುದನ್ನು ನಿಲ್ಲಿಸಿತು. "ಮಂತ್ರಿಗಳೇ, ಒಂದು ಮಾತಿನಲ್ಲಿ ಹೇಳಿ."

ನವಿಲು ಗರಿ ಮಡಚಿತು. "ಇಲ್ಲ. ಮೋಡ ಕವಿಯಲಿ ಎಂದು ಕಾದಿದ್ದೇನೆ. ಮೋಡವಿಲ್ಲದೆ ಕುಣಿಯುವುದು ಹೇಗೆ? ಕುಣಿಯದೆ ಉದ್ಘಾಟಿಸುವುದು ಹೇಗೆ?"

"ಜ್ವರ ಮೋಡಕ್ಕೆ ಕಾಯುವುದಿಲ್ಲ. ಈಗಲೇ ತೆರೆಯಲಿ," ಎಂದಿತು ಆನೆ.

ಮರಕುಟಿಗ ಹಾರಿ ಬಂದು ಸುದ್ದಿ ಹೇಳಿದ್ದೇ ತಡ, ತಾಯಿಮೊಲ ಬಳ್ಳಿಯನ್ನು ಕಚ್ಚಿ ತುಂಡರಿಸಿತು. ಕೊಕ್ಕರೆ ಇನ್ನೊಂದು ಕಾಲನ್ನೂ ನೆಲಕ್ಕಿಟ್ಟು ಒಳಗೆ ಓಡಿತು. ಸಂಜೆಗೆ ಜ್ವರ ಇಳಿಯಿತು.

ಆಗ ನವಿಲು ಗರಿ ಎಳೆದುಕೊಂಡು ಬಂದು, "ಉದ್ಘಾಟನೆ ಯಾವಾಗ?" ಎಂದು ಕೂಗಿತು.

"ಮೆಲ್ಲಗೆ ಸ್ವಾಮಿ," ಎಂದಿತು ಮೊಲ. "ಅದು ಆಗಿಹೋಯಿತು. ಮಗು ಮಲಗಿದೆ."

ಅವತ್ತು ಮರಕುಟಿಗ ಆ ಮರವನ್ನು ಕುಟ್ಟಲಿಲ್ಲ.