ಘಾಟಿ ತಿರುವಿನ ಬಿಳಿ ಕಲ್ಲು

“ಗುರುಗಳೇ, ಮಾಡಿದ ತಪ್ಪನ್ನು ನಾನು ಒಂದು ಗಳಿಗೆಯೂ ಮರೆಯುವುದಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಅದನ್ನೇ ನೆನೆಸಿಕೊಳ್ಳುತ್ತೇನೆ. ಆದರೂ ಮತ್ತೆ ಅದನ್ನೇ ಮಾಡುತ್ತೇನೆ. ಯಾಕೆ?” ಎಂದು ಶಿಷ್ಯ ಕೇಳಿದ.

ಆ ವಾರದಲ್ಲಿ ಅವನು ಹೀಗೆ ಕೇಳಿದ್ದು ನಾಲ್ಕನೆಯ ಸಲ. ಗುರುಗಳು ನಿಟ್ಟುಸಿರು ಬಿಟ್ಟು, “ಕೂತುಕೋ ಮಾರಾಯ, ಇವತ್ತು ಇದನ್ನು ಮುಗಿಸಿಬಿಡೋಣ” ಎಂದು ಹೇಳತೊಡಗಿದರು.

ಒಬ್ಬ ಮೀನಿನವನಿದ್ದ. ಬಂದರಿನಲ್ಲಿ ಮೀನು ಕೊಂಡು, ಐಸು ತುಂಬಿದ ಪೆಟ್ಟಿಗೆಯನ್ನು ಬೈಕಿನ ಹಿಂದೆ ಕಟ್ಟಿ, ಘಾಟಿ ಹತ್ತಿ ಮೇಲಿನ ಊರುಗಳಲ್ಲಿ ಮಾರುತ್ತಿದ್ದ. ಅವನಿಗೆ ಬೇರೆ ಕೆಲಸ ಗೊತ್ತಿರಲಿಲ್ಲ. ವರ್ಷಗಟ್ಟಲೆ ಓಡಾಡಿದ ದಾರಿ. ಒಂದು ದಿನ ಬಲಕ್ಕೆ ಹೊರಳುವ ತಿರುವೊಂದರಲ್ಲಿ, ಎದುರಿಂದ ಬಸ್ಸಿನ ಹಾರ್ನ್ ಕೇಳಿ ಗಾಬರಿಯಾಗಿ ನಡುವೆಯೇ ಬ್ರೇಕು ಒತ್ತಿದ. ಬೈಕು ಎಡಗಡೆಯ ಚರಂಡಿಗೆ ಹೋಗಿ ಬಿತ್ತು. ಬಂಗುಡೆ ಮೀನೆಲ್ಲ ಮಣ್ಣುಪಾಲಾಯಿತು. ಮೊಣಕೈ ಸುಲಿದುಹೋಯಿತು.

ತಪ್ಪಿನಿಂದ ಕಲಿಯಲೇಬೇಕೆಂಬ ಹಟದ ಮನುಷ್ಯ ಅವನು. ಬಿದ್ದ ಜಾಗ ಮರೆಯಬಾರದೆಂದು ಚರಂಡಿಯ ಅಂಚಿಗೆ ಒಂದು ಕಲ್ಲು ಉರುಳಿಸಿ ಸುಣ್ಣ ಬಳಿದ. ಮರುದಿನ ತಿರುವಿಗೆ ಬರುವ ಮೊದಲೇ ಕಲ್ಲು ಕಂಡಿತು. ‘ಇಲ್ಲೇ, ಇಲ್ಲೇ ನಾನು ಬಿದ್ದದ್ದು’ ಎಂದುಕೊಳ್ಳುತ್ತ ಅದರ ಮೇಲೆ ಕಣ್ಣಿಟ್ಟ. ಬೈಕು ನೆಟ್ಟಗೆ ಕಲ್ಲಿನ ಹತ್ತಿರ ಹೋಗಿ ಬಿತ್ತು.

ಕಲ್ಲು ಸಣ್ಣದಾಯಿತು ಎಂದು ಅವನಿಗೆ ಅನ್ನಿಸಿತು. ಇನ್ನೂ ದೊಡ್ಡದೊಂದನ್ನು ಪಕ್ಕದಲ್ಲಿಟ್ಟು ಅದಕ್ಕೂ ಸುಣ್ಣ ಬಳಿದ. ಮೂರನೆಯ ದಿನ ಬಿದ್ದಾಗ ಪೆಟ್ಟಿಗೆಯ ಮುಚ್ಚಳವೂ ಹಾರಿಹೋಯಿತು. ಟಯರನ್ನು ಬೈದ, ಮರಳನ್ನು ಬೈದ, ರಸ್ತೆ ಮಾಡಿದವನ ಅಪ್ಪ ಅಜ್ಜಂದಿರನ್ನೂ ಬಿಡಲಿಲ್ಲ.

ತಿರುವು ಮುಗಿಯುವಲ್ಲಿ ಒಬ್ಬ ಹೆಂಗಸಿನ ಚಹಾದಂಗಡಿಯಿತ್ತು. ಅವಳು ಓಡಿಬಂದು ಬೈಕಿಗೆ ಕೈಕೊಟ್ಟು ಎತ್ತಿದಳು.

“ಅಣ್ಣಾ, ಈಗಲಾದರೂ ನಿಮ್ಮ ಮುಖ ಕಂಡಿತಲ್ಲ. ನೀವು ನನ್ನ ಅಂಗಡಿ ಕಡೆ ತಿರುಗುವುದೇ ಬಿದ್ದ ಮೇಲೆ.”

“ಬಿದ್ದವನ ಹತ್ತಿರ ತಮಾಷೆಯಾ? ನಿನ್ನ ಅಂಗಡಿ ನೋಡಲಿಕ್ಕೆ ನಾನು ಘಾಟಿ ಹತ್ತುವುದಾ?” ಎಂದು ಅವನು ರೇಗಿದ.

ಮನೆಗೆ ಬಂದರೆ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. “ಮೇಲಿನ ಊರಿನವರು ನಿಮ್ಮನ್ನು ಕಾಯುವುದು ಬಿಟ್ಟರಂತೆ. ನಾಳೆಯೂ ಬಿದ್ದು ಬಂದರೆ ಬೈಕಿನ ಕೀ ನನ್ನ ಕೈಗೆ ಕೊಟ್ಟುಬಿಡಿ. ಆ ವ್ಯಾಪಾರವೂ ಬೇಡ, ನನಗೆ ವಿಧವೆ ಎಂಬ ಹೆಸರೂ ಬೇಡ” ಎಂದಳು.

ಅವನು ಬಿದ್ದ ಸುದ್ದಿಯನ್ನು ಮೇಲಿನ ಊರಿಗೆ ಮುಟ್ಟಿಸಿದವರು ಯಾರು? ಆ ಚಹಾದವಳೇ ಸೈ ಎಂದು ಅವನಿಗೆ ಖಾತ್ರಿಯಾಯಿತು. ಮರುದಿನ ಘಾಟಿ ಹತ್ತುವಷ್ಟು ಹೊತ್ತೂ ಅವಳಿಗೆ ಬೈಯಬೇಕಾದ ಮಾತನ್ನು ಬಾಯಲ್ಲೇ ಮಸೆಯುತ್ತ ಬಂದ. ತಿರುವಿನ ಬಾಯಿಗೆ ಬಂದವನೇ ಕತ್ತು ಹೊರಳಿಸಿ ಅಂಗಡಿಯತ್ತ ನೋಡಿದ. ಅವಳು ಒಲೆ ಊದುತ್ತಿದ್ದಳು. ಎಲ್ಲಿ ಒಳಗೆ ನುಸುಳಿಕೊಳ್ಳುತ್ತಾಳೋ ಎಂದು ಅವಳ ಮೇಲಿಂದ ಕಣ್ಣು ಕೀಳಲಿಲ್ಲ. ಬೈಕು ಸಲೀಸಾಗಿ ಹೊರಳಿ ಅಂಗಡಿಯ ಮುಂದೆ ಬಂದು ನಿಂತಿತು.

ಬಾಯಿ ತೆರೆದ. ಹಾಗೆಯೇ ಹಿಂದಿರುಗಿ ತಿರುವಿನತ್ತ ನೋಡಿದ. ಕಲ್ಲುಗಳನ್ನು ಯಾವಾಗ ದಾಟಿದನೆಂದು ಅವನಿಗೇ ಗೊತ್ತಿರಲಿಲ್ಲ.

“ಏನಣ್ಣಾ, ಇವತ್ತು ಬೀಳಲಿಲ್ಲವಾ?” ಎಂದಳು ಚಹಾದವಳು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಿಷ್ಯನ ಮುಖ ಸಣ್ಣದಾಯಿತು. “ಅಂದರೆ ತಪ್ಪನ್ನು ಮರೆತುಬಿಡಬೇಕೇ? ನಾನು ಇಷ್ಟು ವರ್ಷ ಕೂತು ನೆನೆಸಿಕೊಂಡದ್ದೆಲ್ಲ ಏನಾಯಿತು?” ಎಂದ.

ಗುರುಗಳು ಎದ್ದು ನಿಂತರು.

“ನೀನು ಕೂತು ನೆನೆಸುತ್ತಿರುವಾಗಲೂ ಬೈಕು ಕಣ್ಣಿಟ್ಟ ಕಡೆಗೇ ಓಡುತ್ತಲೇ ಇರುತ್ತದಲ್ಲಯ್ಯಾ!”